ದೋಸೆ ಹೊತ್ತಿನ ಮೋಹನ

ಕಾದ ಕಾವಲಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಅದು ಚುಂಯ್ ಎಂದು ಕೊಡುವ ಉತ್ತರದಲ್ಲೇ ಹಿಟ್ಟು ಹುಯ್ಯುವ ಹೊತ್ತಾಯಿತೋ ಇಲ್ಲವೋ ಎಂಬುದು ತಿಳಿದುಬಿಡುತ್ತದೆ. ಅದಕ್ಕೆ ಗಡಿಯಾರವೂ ಬೇಡ, ಗುರುಗಳೂ ಬೇಡ. ನಿಮಗೂ ಗೊತ್ತಿರಬಹುದು, ಅಡುಗೆಮನೆಯ ಅರ್ಧ ಕೆಲಸ ನಡೆಯುವುದು ಕಿವಿಯಿಂದಲೇ. ಸಾಸಿವೆ ಸಿಡಿದು ಮುಗಿದ ಮೇಲಿನ ಮೌನ, ಹಾಲು ಉಕ್ಕುವ ಮುಂಚಿನ ಗುಸುಗುಸು, ಬೇಳೆ ಬೆಂದಂತೆಲ್ಲ ದಪ್ಪಗಾಗುವ ಕುದಿತದ ದನಿ, ಇವೆಲ್ಲ ಬೆನ್ನು ತಿರುಗಿಸಿ ನಿಂತಾಗಲೂ ನನಗೆ ಕೇಳುತ್ತಿದ್ದವು. ಹಾಗಿದ್ದೂ ನನಗೆ ಕಿವಿಯೇ ಇಲ್ಲವೇನೋ ಎಂದು ಸಂಗೀತ ಹೇಳಿಕೊಡುತ್ತಿದ್ದ ರುಕ್ಮಿಣಮ್ಮನವರು ಹಿಂದಿನ ಪಾಠದಲ್ಲಿ ಅನುಮಾನಪಟ್ಟಿದ್ದರು. ಅವರ ಅನುಮಾನ ಎಂದರೆ ಉಳಿದವರ ತೀರ್ಪಿಗೆ ಸಮ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದಲ್ಲಿ ಕೋಟೆಯ ದಾರಿಗೆ ಹತ್ತಿರದ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ಆ ಶುಕ್ರವಾರದ ಬೆಳಿಗ್ಗೆಯೂ ಎಂದಿನಂತೆಯೇ ಇತ್ತು. ಅತ್ತೆ ದೇವರ ಗೂಡಿನ ಮುಂದೆ ಕುಳಿತು ಹೂವು ಕಟ್ಟುತ್ತಿದ್ದರು. ನನ್ನ ಯಜಮಾನರು ಕಿಟಕಿಯ ಸರಳಿಗೆ ಸಿಕ್ಕಿಸಿದ ಕನ್ನಡಿಯೆದುರು ಕೆನ್ನೆ ಉಬ್ಬಿಸಿ ಕ್ಷೌರ ಮಾಡಿಕೊಳ್ಳುತ್ತಿದ್ದರು. ನಾನು ಕಾವಲಿಯ ಮುಂದೆ. ನಡುಮನೆಯ ಗೂಡಿನಲ್ಲಿ, ನಾನೇ ಹೆಣೆದ ಕ್ರೋಶಾ ಹೊದಿಕೆಯ ಕೆಳಗೆ, ಟ್ರಂಕಿನಷ್ಟು ದೊಡ್ಡ ರೇಡಿಯೋ. ಕರೆಂಟಿನಿಂದ ನಡೆಯುವ ಅದು ಗುಂಡಿ ತಿರುಗಿಸಿದ ಮೇಲೆ ಒಳಗೆಲ್ಲ ಬಿಸಿಯಾಗಿ ಬಾಯಿ ಬಿಡುವುದಕ್ಕೆ ಒಂದು ದೋಸೆಯಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಬಾಯಿ ಬಿಟ್ಟರೆ ಸಿಲೋನಿನ ತಮಿಳು ಸಿನಿಮಾ ಹಾಡುಗಳು, ಸಮುದ್ರದ ಅಲೆಯ ಮೇಲೆ ತೇಲಿ ಬಂದಂತೆ ಒಮ್ಮೆ ಏರಿ ಒಮ್ಮೆ ಇಳಿದು ಬರುತ್ತಿದ್ದವು. ನಮ್ಮ ಮನೆಯಲ್ಲಿ ಒಬ್ಬರಿಗೂ ತಮಿಳು ಬಾರದು. ಬಾರದ್ದರಿಂದಲೇ ಇರಬೇಕು, ಮಾತಿನ ಸಿಪ್ಪೆ ಸುಲಿದು ಬರಿಯ ರಾಗದ ತಿರುಳು ನಮ್ಮ ಪಾಲಿಗೆ ಸಿಗುತ್ತಿತ್ತು.

ಅದರಲ್ಲೊಂದು ಹಾಡು ಕೆಲವು ವಾರಗಳಿಂದ ದಿನವೂ ಬರುತ್ತಿತ್ತು. ಮೊದಲು ಒಂಟಿ ಕೊಳಲು, ಆಮೇಲೆ ಹೆಣ್ಣುದನಿ, ಅದರ ಬೆನ್ನಿಗೆ ಹಿಂಡುಹಿಂಡಾಗಿ ಪಿಟೀಲುಗಳು. ಅದು ಮೊದಲ ಸಲ ಬಂದ ದಿನ ಅತ್ತೆ ಕೈಯಲ್ಲಿದ್ದ ಹೂವನ್ನು ಹಾಗೆಯೇ ಹಿಡಿದು ಎದ್ದುಬಂದು ರೇಡಿಯೋಕ್ಕೆ ಕೈ ಮುಗಿದಿದ್ದರು.

"ಯಾವ ದೇವರ ಪದನೋ ಏನೋ, ಎಂಥಾ ಭಕ್ತಿ ಐತೆ ನೋಡು ಆಯಮ್ಮನ ಗಂಟಲಾಗೆ!"

"ಅಮ್ಮಾ, ಅದು ಸಿನಿಮಾ ಹಾಡು. ಹುಡುಗ ಹುಡುಗಿ ಮರ ಸುತ್ತೋದು," ಎಂದು ಯಜಮಾನರು ಸೋಪಿನ ನೊರೆಯ ನಡುವಿನಿಂದ ನಕ್ಕಿದ್ದರು.

"ಸುತ್ತಲಿ ಬಿಡೋ. ನಾವು ಅರಳಿಮರ ಸುತ್ತಲ್ವೇನು?"

ಹಾಡಿನ ಮೊದಲ ಸಾಲನ್ನು ಉಚ್ಚರಿಸಲು ಯಾರಿಗೂ ಬಾರದ್ದರಿಂದ, ಅದು ಬರುವ ಹೊತ್ತಿಗೆ ಸರಿಯಾಗಿ ಕಾವಲಿ ಒಲೆಯ ಮೇಲಿರುತ್ತಿದ್ದರಿಂದ, ನಮ್ಮ ಮನೆಯಲ್ಲಿ ಅದಕ್ಕೆ 'ದೋಸೆ ಹಾಡು' ಎಂದೇ ನಾಮಕರಣವಾಯಿತು.

ಆ ಶುಕ್ರವಾರ ಮಾತ್ರ ನನ್ನ ಮನಸ್ಸು ದೋಸೆಯಲ್ಲಿರಲಿಲ್ಲ. ರುಕ್ಮಿಣಮ್ಮನವರು ಅಂದು ಮಧ್ಯಾಹ್ನ ಒಂದು ರಾಗವನ್ನು ಹಾಡುವವರಿದ್ದರು. ನಾನು ಗುರುತಿಸಿದರೆ ವರ್ಣ ಎಂಬ ಮುಂದಿನ ಹಂತದ ಅಭ್ಯಾಸಗೀತೆಯ ಪಾಠ ಆರಂಭ, ಗುರುತಿಸದಿದ್ದರೆ ಪಾಠವೇ ಮುಕ್ತಾಯ. "ರಾಗ ಗುರುತು ಹತ್ತದೋರಿಗೆ ವರ್ಣ ಹೇಳಿಕೊಡೋದು ಕುರುಡರಿಗೆ ಕನ್ನಡಿ ಹಿಡಿದ ಹಾಗೆ, ಶಾಂತಾ. ನಿಮ್ಮ ಕೈಲಿ ಕಸೂತಿ ಇದೆ, ಅದನ್ನೇ ಮುಂದುವರಿಸಿ," ಎಂದಿದ್ದರು. ನೋಡಿ, ಅವರ ಮಾತಿನಲ್ಲಿ ನನ್ನ ಹೆಸರಿತ್ತು. ಮನೆಯಲ್ಲಿ ನಾನು 'ಏನಮ್ಮ', 'ಇವಳೇ', ಓಣಿಯಲ್ಲಿ 'ಮೂಲೆ ಮನೆಯಾಕೆ'. ಶಾಂತಾ ಎಂಬವಳು ವಾರದಲ್ಲಿ ಎರಡು ಮಧ್ಯಾಹ್ನ ಮಾತ್ರ, ರುಕ್ಮಿಣಮ್ಮನವರ ಚಾಪೆಯ ಮೇಲೆ ಮಾತ್ರ ಬದುಕಿರುತ್ತಿದ್ದಳು. ಆ ಚಾಪೆ ಹೋದರೆ ಅವಳೂ ಹೋದಂತೆ.

ಕಲಿಯುವ ಆಸೆ ಇಲ್ಲದೆ ಅಲ್ಲ, ಮೊದಲು ಕಲಿತದ್ದು ಅಡ್ಡ ಬರುತ್ತಿತ್ತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಒಬ್ಬರು ಪಿಯಾನೋ ನುಡಿಸುತ್ತಿದ್ದರು, ನಾವು ಹಾಡುತ್ತಿದ್ದೆವು. ಅಲ್ಲಿಯ ಸ್ವರಗಳೂ ನಮ್ಮಂತೆಯೇ ಸಮವಸ್ತ್ರ ತೊಟ್ಟು, ಜಡೆಗೆ ರಿಬ್ಬನ್ ಕಟ್ಟಿ, ಕದಲದೆ ಸಾಲಾಗಿ ನಿಲ್ಲುತ್ತಿದ್ದವು. ರುಕ್ಮಿಣಮ್ಮನವರ ಮನೆಯ ಸ್ವರಗಳಿಗೆ ಆ ಶಿಸ್ತೇ ಇಲ್ಲ. ಗಾಂಧಾರ ಎಂದರೆ ಅಲ್ಲಿ ಒಂದು ಜಾಗವಲ್ಲ, ಒಂದು ಜೋಕಾಲಿ. ಆ ತೂಗಾಟದಲ್ಲಿ, ಆ ಗಮಕಗಳ ಹೊಳೆಯಲ್ಲಿ, ರಾಗದ ಮುಖವೇ ನನಗೆ ಕಾಣುತ್ತಿರಲಿಲ್ಲ. ಹೆಸರುಗಳೆಲ್ಲ ಬಾಯಿಪಾಠ, ರಾಗಗಳೆಲ್ಲ ಗೋಜಲು. ಯಾವ ಹೆಸರನ್ನು ಯಾವ ರಾಗಕ್ಕೆ ಅಂಟಿಸಬೇಕೆಂಬುದೇ ಕಷ್ಟ. ನಮ್ಮ ಕಡೆ ಮಕ್ಕಳು ರಚ್ಚೆ ಹಿಡಿದರೂ 'ರಾಗ ತೆಗೀಬೇಡ' ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಆ ಒಂದು ರಾಗವನ್ನಷ್ಟೇ ನಾನು ತಪ್ಪದೆ ಗುರುತಿಸಬಲ್ಲವಳಾಗಿದ್ದೆ.

ಎರಡನೆಯ ದೋಸೆ ಹುಯ್ದಿದ್ದೆ. ದೋಸೆ ಹಾಡು ಬಂತು. ಸೌಟು ಎಡಗೈಯಲ್ಲಿ, ಬಲಗೈಯ ಬೆರಳು ಹಿಟ್ಟಿನ ಸಮೇತ ಕಡಪಾ ಕಲ್ಲಿನ ಕಟ್ಟೆಯ ಮೇಲೆ ತನ್ನಷ್ಟಕ್ಕೆ ತಾನು ತಾಳ ಹಾಕುತ್ತಿತ್ತು. ತಾಳ ಹಾಕುತ್ತ ಹಾಕುತ್ತ ಬೆರಳು ಜಾಗ ಬದಲಿಸುತ್ತಿರುವುದು ಕಂಡಿತು. ಎರಡು ಹೆಜ್ಜೆ, ನಡುವೆ ಸ್ವಲ್ಪ ಬಯಲು, ಮತ್ತೆ ಹೆಜ್ಜೆ. ಅದು ನನ್ನ ಹಳೆಯ ಆಟ! ಸಿಸ್ಟರ್ ಹೊರಟುಹೋದ ಮೇಲೆ ಪಿಯಾನೋದ ಬಿಳಿಯ ಪಟ್ಟಿಗಳನ್ನು ಬಿಟ್ಟು ಬರಿಯ ಕರಿಯ ಪಟ್ಟಿಗಳನ್ನು ಒಂದೇ ಬೆರಳಿನಲ್ಲಿ ಒತ್ತುವುದು. ಎರಡರ ಗುಂಪೊಂದು, ಮೂರರ ಗುಂಪೊಂದು. ಹೇಗೆ ಒತ್ತಿದರೂ ಇಂಪು, ತಪ್ಪು ಮಾಡಲು ಬಯಸಿದರೂ ತಪ್ಪಾಗದು. ಈ ತಮಿಳು ಹಾಡು ಇಡಿಯಾಗಿ ಆ ಐದು ಕರಿಯ ಪಟ್ಟಿಗಳ ಮೇಲೆ ನಡೆಯುತ್ತಿತ್ತು! ಒಂದೇ ಒಂದು ಕಡೆ, ದನಿ ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಗೆ, ಏರುವ ಹೊಸ್ತಿಲಲ್ಲಿ, ಯಾರದೋ ಬೆರಳು ಜಾರಿ ಬಿಳಿಯ ಪಟ್ಟಿಗೆ ತಾಗಿದಂತೆ ಹೊರಗಿನ ಸ್ವರವೊಂದು ಬಂದುಹೋಯಿತು. ಹಾಡು ಮುಗಿಯಿತು. ಮನೆಯೆಲ್ಲ ಹೊಗೆ.

"ಏನೇ, ಇವತ್ತು ದೋಸೆ ಕರಿ ರಾಗ ಹಾಡ್ತಾ ಐತೆ!" ಎಂದರು ಯಜಮಾನರು. ಅವರಿಗೆ ತಾವೆಷ್ಟು ಸರಿಯಾಗಿ ಹೇಳಿದರೆಂಬುದು ಇಂದಿಗೂ ಗೊತ್ತಿಲ್ಲ.

ಮಧ್ಯಾಹ್ನ ಪಾಠಕ್ಕೆ ನಡೆಯುವಾಗ ಕಾಲು ನೆಲದ ಮೇಲಿರಲಿಲ್ಲ. ಸಿನಿಮಾದವರು ರಾಗವನ್ನು ಕೆಡಿಸುತ್ತಾರೆಂದು ಹಿರಿಯರೆಲ್ಲ ಹೇಳುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ಅಂದು ಬೇರೆಯದೇ ಹೊಳೆಯಿತು. ನಮ್ಮಜ್ಜಿಯ ರೇಷ್ಮೆ ಸೀರೆಯೊಂದನ್ನು ಕತ್ತರಿಸಿ ನನಗೆ ಲಂಗ ಹೊಲಿಸಿದಾಗ ಮನೆಯ ಹಿರಿಯರು ಅಯ್ಯೋ ಎಂದಿದ್ದರು; ನಾನು ಮಾತ್ರ ಆ ಲಂಗ ತೊಟ್ಟು ಗಿರ್ರನೆ ತಿರುಗಿದಾಗಲೇ ಆ ಸೀರೆಗೆ ಅಂಥ ಅಂಚಿದೆಯೆಂದು ಕಂಡಿದ್ದು. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದಾಗ ಅದು ಬರಿಯ ಗೌರವವಾಗಿತ್ತು. ಸಾಲಂಕೃತ ಮದುವಣಗಿತ್ತಿಯ ಮುಖ ನೆನಪಿನಲ್ಲಿ ಉಳಿಯುವುದಿಲ್ಲ, ಮರುದಿನ ಒಡವೆ ತೆಗೆದಿಟ್ಟು ನೀರು ಸೇದಲು ಬಂದಾಗ ಅಲ್ಲವೇ ಆಕೆಯ ಗುರುತು ಹತ್ತುವುದು? ಆ ಹಾಡು ಕಟ್ಟಿದ ಪುಣ್ಯಾತ್ಮ ರಾಗದ ಒಡವೆಗಳನ್ನು ಒಂದೊಂದಾಗಿ ಕಳಚಿ, ನನ್ನಂಥ ಮಂದಬುದ್ಧಿಯವಳ ಎದುರು ಅದನ್ನು ಮನೆಯುಡುಗೆಯಲ್ಲಿ ನಿಲ್ಲಿಸಿದ್ದ.

ಇನ್ನೊಂದು ತಮಾಷೆ ಕೇಳಿ. ಹಾಡಿನ ನಡುವೆ ದನಿ ನಿಂತು ಪಿಟೀಲುಗಳಷ್ಟೇ ನುಡಿಯುವಾಗ, ಅದೇ ಐದು ಸ್ವರಗಳಲ್ಲಿ ಎಲ್ಲಿಂದಲೋ ವಿಷಾದವೊಂದು ತುಂಬಿಕೊಳ್ಳುತ್ತಿತ್ತು. ಅದೇ ಸ್ವರಗಳನ್ನಿಟ್ಟುಕೊಂಡು ಬೇರೊಂದು ಸ್ವರವನ್ನು ಷಡ್ಜವೆಂದು ಭಾವಿಸಿದರೆ ರಾಗವೇ ಬೇರೆಯಾಗುತ್ತದೆಂದು ರುಕ್ಮಿಣಮ್ಮನವರು ಹಿಂದೊಮ್ಮೆ ಹೇಳಿದಾಗ ನಾನು ಅರ್ಥವಾದವಳಂತೆ ನಟಿಸಿದ್ದೆ. ಈಗ ತಲೆಯೆತ್ತಿದರೆ ಎದುರಿಗೇ ಬೆಟ್ಟ. ಹೊಳಲ್ಕೆರೆಯ ಬಸ್ಸಿನಿಂದ ನೋಡಿದರೆ ಒಂದು ಬಂಡೆ ಮಲಗಿದ ಆನೆ. ಹಿರಿಯೂರಿನ ಕಡೆಯಿಂದ ಬಂದರೆ ಅದೇ ಬಂಡೆ ಮಂಡಿಯೂರಿ ಕುಳಿತ ಮುದುಕಿ. ಕಲ್ಲು ಅಲ್ಲಾಡಿಲ್ಲ, ನಾವು ನಿಂತ ಜಾಗ ಬದಲಾಗಿದೆ. ದಿನವೂ ಕಣ್ಣಿಗೆ ಬೀಳುವ ಬೆಟ್ಟ ಒಂದು ತಮಿಳು ಹಾಡಿನ ದಯೆಯಿಂದ ಸಂಗೀತಶಾಸ್ತ್ರ ಹೇಳತೊಡಗಿದಾಗ, ದಾರಿಯಲ್ಲಿ ಒಬ್ಬಳೇ ನಗದೆ ಹೇಗೆ ನಡೆಯಲಿ?

ಆದರೆ ರುಕ್ಮಿಣಮ್ಮನವರ ಹೊಸ್ತಿಲು ದಾಟುವಾಗ ನಗೆಯೆಲ್ಲ ಇಂಗಿತು. ಕರಿಯ ಪಟ್ಟಿಗಳು ಸಿಕ್ಕಿದ್ದವು ನಿಜ, ಆ ರಾಗದ ಹೆಸರು ಮಾತ್ರ ನನಗಿನ್ನೂ ಸಿಕ್ಕಿರಲಿಲ್ಲ. ಮೇಲಾಗಿ ಅವರು ಅದನ್ನೇ ಹಾಡುತ್ತಾರೆಂದು ಯಾರು ಹೇಳಿದರು?

ಶ್ರುತಿಪೆಟ್ಟಿಗೆ ಉಸಿರಾಡತೊಡಗಿತು. ಅವರು ಕಣ್ಣು ಮುಚ್ಚಿ ಆರಂಭಿಸಿದರು. ಮತ್ತೆ ಅದೇ ಹೊಳೆ, ಅದೇ ತೂಗಾಟ. ನಾನು ಹೊಳೆಯನ್ನು ನೋಡುವುದನ್ನು ಬಿಟ್ಟು ತಳದ ಕಲ್ಲುಗಳನ್ನು ತಡವತೊಡಗಿದೆ. ಇದೊಂದು ಕರಿದು. ಇದೊಂದು. ಇಲ್ಲಿ ಬಯಲು. ಮತ್ತೆ ಕರಿದು... ಅಷ್ಟರಲ್ಲಿ ಅವರ ದನಿ ಮೇಲಿನ ಷಡ್ಜಕ್ಕೆ ಏರಿತು. ಬಿಳಿಯ ಪಟ್ಟಿಯೊಂದಿಲ್ಲ, ಆದರೂ ಅದೇ ಹೊಸ್ತಿಲು!

"ದೋಸೆ ಹಾಡು!" ಎಂದು ಕೂಗಿಬಿಟ್ಟೆ.

ರುಕ್ಮಿಣಮ್ಮನವರು ಕಣ್ಣು ಬಿಟ್ಟರು. "ಏನಂದಿರಿ?"

"ಇದು... ದಿನಾ ಬೆಳಿಗ್ಗೆ ದೋಸೆ ಹೊತ್ತಿಗೆ ಬರುತ್ತಲ್ಲ, ಅದು. ಹೆಸರು ಗೊತ್ತಿಲ್ಲಮ್ಮ."

"ಮೋಹನ ರಾಗ ಹರಿಕಾಂಭೋಜಿ ರಾಗದ ಮಗು ಅಂತ ನಮ್ಮ ಗುರುಗಳು ಹೇಳಿದ್ದರು. ಉದ್ದಿನಬೇಳೆಯ ಮಗು ಅಂತ ಇವತ್ತೇ ಕೇಳಿದ್ದು!" ಎಂದರು. ದನಿಯಲ್ಲಿ ನಗೆಯಿತ್ತೋ ಸಿಟ್ಟಿತ್ತೋ ತಿಳಿಯಲಿಲ್ಲ. ಸಿನಿಮಾ ಎಂಬ ಪದವನ್ನು ಆ ಮನೆಯಲ್ಲಿ ಉಚ್ಚರಿಸುವುದು ಹೇಗೆಂದು ತೊದಲುತ್ತಲೇ ರೇಡಿಯೋ, ಸಿಲೋನು, ಪಿಯಾನೋ ಎಲ್ಲವನ್ನೂ ಒಪ್ಪಿಸಿದೆ. ಕೇಳಿಸಿಕೊಂಡು ಅವರು ಚಾಪೆಯ ಮೇಲೆ ನೇರವಾಗಿ ಕುಳಿತರು.

"ಎಲ್ಲಿ, ಹಾಡಿ ನೋಡೋಣ."

ಅರ್ಥವಿಲ್ಲದ ಲಲಲಾದಲ್ಲಿ ಹಾಡಿದೆ. ಹೊಸ್ತಿಲು ಬಂದಾಗ ಅವರು ಕೈಯೆತ್ತಿ ತಡೆದರು. "ನಿಷಾದ! ಮೋಹನದ ಮನೆಯಲ್ಲಿ ನಿಷಾದಕ್ಕೇನು ಕೆಲಸ? ನೀವು ತಪ್ಪು ಹಾಡಿದಿರೋ, ಹಾಡು ಕಟ್ಟಿದವನೇ ಹಾಕಿದ್ದಾನೋ?"

"ಅವರೇ ಹಾಕಿದ್ದಾರೆ. ಅಲ್ಲೊಂದೇ ಬಿಳೀದು."

ಅವರು ಆ ಸಾಲನ್ನು ಮೆಲ್ಲಗೆ ಹಾಡಿಕೊಂಡರು. ಮತ್ತೊಮ್ಮೆ ಹಾಡಿಕೊಂಡರು. ಮೂರನೆಯ ಸಲ ನಿಷಾದ ಬಂದಾಗ ಅವರ ಬಲಗೈ ತಾನಾಗಿ ತೊಡೆಯ ಮೇಲೆ ಬಿತ್ತು. "ಕಳ್ಳ! ಗೊತ್ತಿಲ್ಲದೆ ತುಳಿದಿದ್ದಲ್ಲ ಇದು. ಗೊತ್ತಿದ್ದೇ ತುಳಿದು, ಏನೂ ಆಗಿಲ್ಲ ಅನ್ನೋ ಹಾಗೆ ದಾಟಿಹೋಗಿದ್ದಾನೆ!" ಅವರ ಮುಖದಲ್ಲಿ ಅಂಥ ಹೊಳಪನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಹೆಸರು ಹೇಳೋಕಾಗಲಿಲ್ಲ ನನಗೆ," ಎಂದೆ, ನೆಲ ನೋಡುತ್ತ.

"ಹೆಸರು ನಾನು ಕೊಡಬಲ್ಲೆ, ಶಾಂತಾ. ಗುರುತು ನಾನು ಕೊಡೋಕಾಗಲ್ಲ. ಪೆಟ್ಟಿಗೆ ಹತ್ತಿರಕ್ಕೆ ಎಳೀರಿ, ವರ್ಣ ಹಿಡಿಯೋಣ. ಒಂದು ಮಾತು: ಅವನು ಗಾಂಧಾರವನ್ನ ನಿಲ್ಲಿಸಿದ್ದಾನೆ, ನೀವು ತೂಗಬೇಕು. ಕಿವಿಯ ವಿಷಯ ತೀರ್ಮಾನವಾಯ್ತು. ಗಂಟಲಿದೆಯೋ ಇಲ್ಲವೋ, ಮುಂದಿನ ಪಾಠದಲ್ಲಿ ನೋಡ್ತೀನಿ."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಏನಂದ್ರಮ್ಮ ನಿಮ್ಮ ಪಾಠದಾಕೆ?"

"ವರ್ಣ ಕೊಟ್ಟರು ಅತ್ತೆ!"

"ಯಾವ ಬಣ್ಣದ್ದು?" ಎಂದು ಅವರು ನನ್ನ ಕೈಚೀಲದೊಳಗೆ ಇಣುಕಿದರು.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಆ ವರ್ಷಗಳಲ್ಲಿ ಹೋಗುವುದೇ ಅದರ ಸ್ವಭಾವ, ಇರುವುದು ಉಪಕಾರ. ಓಣಿಯೆಲ್ಲ ಒಂದೇ ಕತ್ತಲು. ಅತ್ತೆ ಬುಡ್ಡಿ ಹಚ್ಚಲು ಒಳಗೆ ಹೋದರು. ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು, ಯಾರ ಮುಖವೂ ಕಾಣದ ಧೈರ್ಯದಲ್ಲಿ, ವರ್ಣದ ಮೊದಲ ಸಾಲನ್ನು ಹಾಡಿದೆ. ಮೊದಲು ಸ್ವರಗಳನ್ನು ಕಾನ್ವೆಂಟಿನ ಹುಡುಗಿಯರಂತೆ ಸಾಲಾಗಿ ನಿಲ್ಲಿಸಿದೆ. ಆಮೇಲೆ ಗಾಂಧಾರದ ಕೈ ಹಿಡಿದು ಮೆಲ್ಲಗೆ ತೂಗಿದೆ. ಒಮ್ಮೆ ಬಿಗಿಯಿತು, ಒಮ್ಮೆ ಜಾರಿತು, ಇನ್ನೊಮ್ಮೆ ಜೋಕಾಲಿ ತಾನಾಗಿ ಹೋಗಿ ತಾನಾಗಿ ಬಂತು. ಒಂದೇ ಸ್ವರದೊಳಗೆ ಅಷ್ಟು ಜಾಗವಿದೆಯೆಂದು ನನಗೆ ಗೊತ್ತಿರಲಿಲ್ಲ! ದನಿ ಎಷ್ಟು ದೊಡ್ಡದಾಯಿತೆಂಬುದರ ಪರಿವೆಯೂ ಉಳಿಯಲಿಲ್ಲ.

ಗೋಡೆಯಾಚೆ, ಕತ್ತಲಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ ಪಕ್ಕದ ಮನೆಯ ತಿಪ್ಪಕ್ಕ ಕೂಗಿ ಕೇಳಿದಳು: "ಏನ್ರೀ, ನಿಮ್ಮನೇಗೆ ಆಗ್ಲೇ ಕರೆಂಟ್ ಬಂತೇನ್ರೀ? ರೇಡಿಯೋ ಹಾಡ್ತಾ ಐತೆ! ನಮ್ಮನೇಗಿನ್ನೂ ಬಂದಿಲ್ಲ ನೋಡ್ರಿ."