ಭಾನುವಾರದ ಆವಾಹನೆ

ನನ್ನ ತಮ್ಮನದು ಗಡಿಯಾರ ರಿಪೇರಿ ಕೆಲಸ. ಆರು ದಿನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತುಟಿ ಬಿಚ್ಚದೆ ಕೂರುವವನು, ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ದಾಳ ಉರುಳಿಸುತ್ತ ಕಥೆ ಕಟ್ಟುವ ಮಾಂತ್ರಿಕರ ಆಟ ನಡೆಸಲು ಕೂತನೆಂದರೆ ಬಾಯಿಗೆ ಬೀಗವೇ ಇಲ್ಲ. ರಾಜನೂ ಅವನೇ, ರಾಕ್ಷಸನೂ ಅವನೇ. ಆಡುವವರು ನಾನು ಮತ್ತು ಪಕ್ಕದಂಗಡಿಯ ದರ್ಜಿ.

ಆಟದಲ್ಲಿ ದರ್ಜಿಗೆ ಸತ್ತವರನ್ನು ಆವಾಹನೆ ಮಾಡಿ ಒಂದು ಪ್ರಶ್ನೆ ಕೇಳುವ ಶಕ್ತಿಯಿತ್ತು. ಅಜ್ಜಿಯ ಕಥೆಗಳಲ್ಲಿ ಕರೆಸಿಕೊಂಡ ಭೂತ ಕರೆದವನ ಕತ್ತನ್ನೇ ಹಿಡಿಯುತ್ತಿತ್ತಲ್ಲ, ತಮ್ಮ ಆ ಭಯವನ್ನೂ ಆಟಕ್ಕೆ ತಂದಿದ್ದ: ಇಪ್ಪತ್ತು ಮುಖದ ದಾಳ ಐದಕ್ಕಿಂತ ಕಡಿಮೆ ಬಿದ್ದರೆ ಬಂದವರಿಗೆ ಸಿಟ್ಟು. ದಾಳ ಉರುಳಿಸುವವನು ಅವನೇ, ರಟ್ಟಿನ ಮರೆಯ ಹಿಂದೆ. ಅವನ ಪಕ್ಕ ಕೂರುವ ನನಗೆ ಮಾತ್ರ ಅದು ಕಾಣುತ್ತದೆ.

ಆ ಭಾನುವಾರ ಸತ್ತ ಸೇನಾಪತಿಯನ್ನು ಕರೆದು ಕೋಟೆಯ ದಾರಿ ಕೇಳಬೇಕಿತ್ತು. ದರ್ಜಿ ಕೊರಳಿನ ಅಳತೆ ಟೇಪನ್ನು ತಿರುಚುತ್ತ, "ನಾನು ಅಮ್ಮನ್ನ ಕರೀತೀನಿ" ಎಂದ.

ಅವನ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಆಸ್ಪತ್ರೆಯಿಂದ ಫೋನ್ ಬಂದಾಗ, ಕೈಯಲ್ಲಿದ್ದ ಕೋಟು ಮುಗಿಸಿ ಹೋದರಾಯಿತೆಂದು ಕೂತಿದ್ದನಂತೆ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅಮ್ಮ, ನಾನು ಲೇಟಾಗಿ ಬಂದಿದ್ದಕ್ಕೆ ಸಿಟ್ಟಾ?"

ದಾಳ ಹದಿನೇಳು ಬಿತ್ತು. ಕಣ್ಣಾರೆ ಕಂಡೆ. ಆದರೆ ನಮ್ಮ ಮಹಾಶಯನಿಗೆ ಆಟ ರಂಗೇರಬೇಕಿತ್ತು. ದಾಳವನ್ನು ಮುಷ್ಟಿಯಲ್ಲಿ ಮುಚ್ಚಿ, "ಮೂರು!" ಎಂದ. ಆಮೇಲೆ ಮುದುಕಿಯ ದನಿ ತೆಗೆದು, "ಬಾಗಿಲ ಕಡೆನೇ ನೋಡ್ತಿದ್ದೆ ಕಣೋ. ನೀನು ಬರ್ಲೇ ಇಲ್ಲ" ಎಂದ.

ದರ್ಜಿ ಬಿಳುಚಿಕೊಂಡ. ನಾನು ಬಾಯಿ ಬಿಡಬಹುದಿತ್ತು. ಆಟ ಕೆಡುತ್ತದೆಂದು ಸುಮ್ಮನಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮರುದಿನ ತಮ್ಮನಿಂದ ಗಡಿಯಾರದ ಒಂದು ಮುಳ್ಳನ್ನೂ ಕೂರಿಸಲಾಗಲಿಲ್ಲ. "ಅಕ್ಕ, ಅವನಿಗೆ ಮುಖ ತೋರಿಸೋಕೆ ನಾಚಿಕೆ ಆಗುತ್ತೆ."

"ನನಗೂ ಅಷ್ಟೇ. ಏಳು, ನಿಜ ಹೇಳಿ ಬರೋಣ."

ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ನಮ್ಮನ್ನು ಕೂರಿಸಿದ. ತಮ್ಮ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನೇ ಶುರುಮಾಡಿದ: "ಅಣ್ಣ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ? ಎಲ್ರೂ 'ಅಮ್ಮ ಕ್ಷಮಿಸಿರ್ತಾಳೆ ಬಿಡು' ಅಂತಿದ್ರು. ನಂಬೋಕೇ ಆಗ್ತಿರ್ಲಿಲ್ಲ. ನಿನ್ನೆ ಬೈದ್ಲು ನೋಡಿ, ಆಗ ಗೊತ್ತಾಯ್ತು, ಬಂದಿದ್ದು ಅಮ್ಮನೇ ಅಂತ. ಮುಂದಿನ ವಾರ ಇನ್ನೊಂದ್ಸಲ ಕರೆಸ್ತೀರಾ? ಕ್ಷಮೆ ಕೇಳ್ಬೇಕು."

ತಮ್ಮ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಆಯ್ತಪ್ಪ, ಕರೆಸ್ತೀನಿ" ಎಂದ.