ಕುಂಬಳಕಾಯಿಯ ಪಕ್ಕ ಇಟ್ಟ ನಾಲ್ಕು ಹಾಳೆ

ಐರೋಲಿ ಸ್ಟೇಷನ್ನಿನ ಹೊರಗೆ ಸಂಜೆಯ ಹೊತ್ತು ಒಬ್ಬ ಹೆಂಗಸು ಗೋಣಿ ಹಾಸಿ ಕೆಸುವಿನ ಎಲೆಯ ಕಟ್ಟುಗಳನ್ನು ಜೋಡಿಸಿಕೊಂಡು ಕೂರುತ್ತಾಳೆ. ಅವಳ ಪಕ್ಕದಲ್ಲೇ ಬಾಳೆಹಣ್ಣಿನ ಗಾಡಿ. ಥಾಣೆಯ ಶಾಲೆಯಲ್ಲಿ ಪಾಠ ಮುಗಿಸಿ, ಟ್ರೇನಿನ ನೂಕುನುಗ್ಗಲಿನಿಂದ ಬಿಡಿಸಿಕೊಂಡು ಮೆಟ್ಟಿಲಿಳಿದು ಬರುವಾಗ, ಮುರಿದ ಕೆಸುವಿನ ದಂಟಿನ ಹಸಿ ವಾಸನೆಯೂ ಚುಕ್ಕೆ ಬಿದ್ದ ಬಾಳೆಹಣ್ಣಿನ ಸಿಹಿ ವಾಸನೆಯೂ ಒಟ್ಟಾಗಿ ಮುಖಕ್ಕೆ ಬಡಿಯುತ್ತವೆ. ಅದರಲ್ಲಿ ಮೇಣದಬತ್ತಿಯ ವಾಸನೆಯೊಂದು ಕಡಿಮೆ. ಅದನ್ನು ನನ್ನ ಮನಸ್ಸೇ ಸೇರಿಸಿಕೊಳ್ಳುತ್ತದೆ. ಸೇರಿಸಿಕೊಂಡ ಕೂಡಲೇ ನಾನು ಡೊಂಬಿವಲಿಯ ನಮ್ಮ ಚರ್ಚಿನ ಬೆಳೆಹಬ್ಬದ ಮೇಜಿನ ಮುಂದೆ ಎರಡು ಜಡೆ ಹಾಕಿಕೊಂಡು ನಿಂತಿರುತ್ತೇನೆ.

ಡೊಂಬಿವಲಿಯಲ್ಲಿ ರೈಲು ಹಳಿಯ ಪಕ್ಕದ ಚಾಳಿನ ಮೊದಲ ಮಹಡಿಯಲ್ಲಿ ನಮಗೆ ಎರಡು ಕೋಣೆಗಳಿದ್ದವು. ಪಪ್ಪ ಕನ್ನಡ ಶಾಲೆಯ ಮಾಸ್ಟ್ರು. ಉಡುಪಿ ಕಡೆಯಿಂದ ಬಂದ ಕ್ರೈಸ್ತರು ನಾವು. ಮನೆಯ ಮಾತು ತುಳು, ಪ್ರಾರ್ಥನೆ ಮಾತ್ರ ಕನ್ನಡ. ದೀಪ ಹಚ್ಚುವ ಹೊತ್ತಿಗೆ ಚಾಪೆ ಹಾಸಿ ಕುಟುಂಬ ಪ್ರಾರ್ಥನೆಗೆ ಕೂತರೆ, ನಡುವೆ ಫಾಸ್ಟ್ ಟ್ರೇನು ಬಂದಾಗ ಪಪ್ಪ ಬಾಯಿ ಮುಚ್ಚಿ ಕಾಯುತ್ತಿದ್ದರು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಎನ್ನುವುದು ನಿಂತ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ದೇವರಿಗೂ ಈ ಟೈಮ್ ಟೇಬಲ್ ಗೊತ್ತಿದೆ ಎಂದು ನಾನು ನಂಬಿದ್ದೆ. ಆ ಪ್ರಾರ್ಥನೆಯಲ್ಲಿ ಒಂದು ನಿಯಮವಿತ್ತು. ಅಂದು ಯಾರು ಪ್ರಯಾಣ ಮಾಡಿದ್ದರೋ ಅವರು, ದಾರಿಯಲ್ಲಿ ತಮಗೆ ಉಪಕಾರ ಮಾಡಿದ ಒಬ್ಬರನ್ನಾದರೂ ನೆನೆದು, ಹೆಸರು ಹಿಡಿದು ಸ್ತೋತ್ರ ಸಲ್ಲಿಸಬೇಕು. ಕುರ್ಲಾದಲ್ಲಿ ಜರುಗಿ ಜಾಗ ಕೊಟ್ಟವರು, ಘಾಟಿಯಲ್ಲಿ ಬಸ್ಸು ಕೆಟ್ಟಾಗ ಎಳನೀರು ಕೊಟ್ಟವರು, ಹೀಗೆ. ಅದಕ್ಕಾಗಿ ಪಪ್ಪ ರೈಲಿನಲ್ಲಿ ಕಂಡವರನ್ನೆಲ್ಲ ಹೆಸರು ಕೇಳುತ್ತಿದ್ದರು. ಅಮ್ಮನಿಗೆ ಅದು ನಾಚಿಕೆ. "ಜನಗಣತಿಯವರು ಅಂತ ತಿಳ್ಕೊಳ್ತಾರೆ ಮಾರಾಯ್ರೆ," ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಪಪ್ಪ ನನ್ನನ್ನು ಕರೆದುಕೊಂಡು ಉಲ್ಹಾಸನಗರಕ್ಕೆ ಪರದೆ ಬಟ್ಟೆ ತರಲು ಹೋಗಿದ್ದರು. ಮರಳುವಾಗ ಕಲ್ಯಾಣದಲ್ಲಿ ಗಾಡಿ ಬದಲಿಸಲು ಇಳಿದೆವು. ಇಳಿಯುವ ನೂಕಾಟದಲ್ಲಿ ನನ್ನ ಒಂದು ಚಪ್ಪಲಿ ಹಳಿಯ ಸಂದಿಗೆ ಬಿತ್ತು. ಮಧ್ಯಾಹ್ನದ ಪ್ಲಾಟ್‌ಫಾರ್ಮು ಕಾವಲಿಯಂತೆ ಕಾದಿತ್ತು. ಒಂಟಿಕಾಲಲ್ಲಿ ಕುಂಟುತ್ತ ಅಳತೊಡಗಿದೆ. ಪಪ್ಪನ ಎರಡೂ ಕೈಯಲ್ಲಿ ಬಟ್ಟೆಯ ಗಂಟುಗಳು. ಆಗ ಈರುಳ್ಳಿ ಮೂಟೆ ಹೊರುತ್ತಿದ್ದ ಒಬ್ಬ ಹಮಾಲಿ ಮೂಟೆ ಇಳಿಸಿ ನನ್ನೆದುರು ಮಂಡಿಯೂರಿದ. "ಯಾಕ್ ಅಳ್ತಿ ತಂಗಿ? ಕಾಲ್ ಸುಡ್ಲಿಕತ್ತದೇನು?" ಎಂದು ಕಲಬುರಗಿ ಕಡೆಯ ಕನ್ನಡದಲ್ಲೇ ಕೇಳಿ, ತಲೆಯ ಮೇಲೆ ಹೊರೆ ಕೂರಲೆಂದು ಇಟ್ಟುಕೊಂಡಿದ್ದ ಸಿಂಬಿಯನ್ನು ಬಿಚ್ಚಿ, ಆ ಬಟ್ಟೆಯನ್ನು ನನ್ನ ಪಾದಕ್ಕೆ ಸುತ್ತಿ ಗಂಟು ಹಾಕಿದ. "ಹೋಗು ಈಗ, ರಾಣಿ ಆದಿ ನೋಡು." ಅಷ್ಟರಲ್ಲಿ ನಮ್ಮ ಗಾಡಿ ಬಂತು. ಅವನು ಬರಿತಲೆಯ ಮೇಲೆಯೇ ಮೂಟೆ ಏರಿಸಿಕೊಂಡು ಜನರ ನಡುವೆ ಮರೆಯಾದ.

ಅಂದು ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದಾಗ ಹೆಸರು ಇರಲಿಲ್ಲ. ಪಪ್ಪನೂ ಅವಸರದಲ್ಲಿ ಕೇಳಿರಲಿಲ್ಲ. ಪಪ್ಪ ಕಣ್ಣು ತೆರೆಯದೆಯೇ ಹೇಳಿದರು: "ಹೆಸರು ಇಲ್ಲದಿದ್ದರೆ ಗುರುತು ಹೇಳು ಕೃಪಾ. ಕಲ್ಯಾಣದಲ್ಲಿ ಎಷ್ಟು ಜನ ಹಮಾಲಿಗಳು ಉಂಟು! ದೇವರಿಗೆ ಅವನು ಯಾರು ಅಂತ ತಿಳಿಯುವ ಹಾಗೆ ಹೇಳು."

ನಾನು ಹೇಳಿದೆ. ಎಡಹುಬ್ಬಿನ ನಡುವೆ ಕೂದಲಿಲ್ಲದ ಸಣ್ಣ ಜಾಗ. ತುಟಿಯ ತುದಿಯಲ್ಲಿ ಒಣಗಿದ ಸುಣ್ಣ. ಮೈಯೆಲ್ಲ ಈರುಳ್ಳಿ ವಾಸನೆ. ಮಾತಾಡುವಾಗ ಶೀತವಾದವರ ಹಾಗೆ ಗಂಟಲು. ಗಂಟು ಹಾಕುವಾಗ ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿದ್ದು. ಹೇಳುತ್ತ ಹೋದಂತೆ ಅವನು ನಮ್ಮ ಚಾಪೆಯ ಮೇಲೆ ಬಂದು ಕೂತಂತಾಯಿತು. ಒಂದು ಫಾಸ್ಟ್ ಟ್ರೇನು ಹಾದುಹೋದದ್ದೂ ನನಗೆ ತಿಳಿಯಲಿಲ್ಲ. "ಆಮೆನ್" ಎಂದು ಮೊದಲು ಅಂದದ್ದು ಅಮ್ಮ. "ಸಿಕ್ಕಿದ," ಎಂದರು ಪಪ್ಪ.

ನವೆಂಬರಿನಲ್ಲಿ ಬೆಳೆಹಬ್ಬ. ಊರಲ್ಲಿ ಹೊಲದ ಮೊದಲ ಫಲವನ್ನು ದೇವರ ಮುಂದೆ ಇಟ್ಟು, ಆರಾಧನೆ ಮುಗಿದ ಮೇಲೆ ಚರ್ಚಿನ ಸಭೆಯ ಕೆಲಸಗಳಿಗಾಗಿ ಅದನ್ನು ಹರಾಜು ಹಾಕುವ, ಏಲಂ ಕೂಗುವ ಕ್ರಮ. ಡೊಂಬಿವಲಿಯಲ್ಲಿ ಹೊಲ ಎಲ್ಲಿಂದ ಬರಬೇಕು? ಆದರೂ ಬಜಾರಿನಿಂದ ಕೊಂಡದ್ದನ್ನು ಇಡುವಂತಿಲ್ಲ. ಹಾಗಾಗಿ ಕೆಲವರು ರೈಲ್ವೆ ಕ್ವಾರ್ಟರ್ಸಿನ ಹಿಂದೆ ಕುಂಬಳಬಳ್ಳಿ ಹಬ್ಬಿಸುತ್ತಿದ್ದರು, ಕೆಲವರು ಕೇಕು ಮಾಡುತ್ತಿದ್ದರು, ಸ್ವೆಟರ್ ಹೆಣೆಯುತ್ತಿದ್ದರು. ನಮ್ಮ ಹೊಲವೆಂದರೆ ಕೋಣೆಯೆದುರಿನ ಗ್ಯಾಲರಿಯಲ್ಲಿಟ್ಟ ಎಣ್ಣೆ ಡಬ್ಬಿಗಳು. ಅವುಗಳಲ್ಲಿ ಬಸಳೆ ಮತ್ತು ಕೆಸು. ಆ ವರ್ಷ ಚಾಳಿಗೆ ಸುಣ್ಣ ಬಳಿಯಲು ಬಂದವರು ಉಳಿದ ಸುಣ್ಣದ ನೀರನ್ನೆಲ್ಲ ಆ ಡಬ್ಬಿಗಳಿಗೇ ಚೆಲ್ಲಿ ಹೋಗಿದ್ದರು. ಬಸಳೆಯೂ ಕೆಸುವೂ ಕರಟಿ ಹೋದವು. "ಬರಿಗೈಯಲ್ಲಿ ಹೋಗ್ಲಿಕ್ಕಾಗ್ತದಾ?" ಎಂದು ಅಮ್ಮ ಕಣ್ಣೊರೆಸಿಕೊಂಡಳು. ಪಪ್ಪ ಒಣಗಿದ ಬಳ್ಳಿಯನ್ನು ಕಿತ್ತು ತೆಗೆಯುತ್ತ, "ಆ ಕಲ್ಯಾಣದ ಪ್ರಯಾಣವನ್ನು ಕೃಪಾ ಬರೆಯಲಿ. ಅದೂ ಈ ಮನೆಯಲ್ಲೇ ಬೆಳೆದದ್ದಲ್ವಾ?" ಎಂದರು. ಬರೆದೆ. ನಾಲ್ಕು ಹಾಳೆಯಾಯಿತು. ಅಮ್ಮ ಕೆಂಪು ನೂಲಿನಿಂದ ಹೊಲಿದು ಕೊಟ್ಟಳು.

ಮೇಜಿನ ಮೇಲೆ ಅದು ಒಂದು ದೊಡ್ಡ ಕುಂಬಳಕಾಯಿಯ ಪಕ್ಕ, ಯಾರೋ ತಂದ ಕೆಸುವಿನ ಎಲೆಗಳ ಕೆಳಗೆ ಅರ್ಧ ಮರೆಯಾಗಿ ಕೂತಿತ್ತು. ಏಲಂ ಕೂಗುವವರು ರೈಲ್ವೆಯಲ್ಲಿದ್ದ ಗದಗಿನ ಆರೋನ್ ಮಾವ. ಕುಂಬಳಕಾಯಿಯನ್ನು ಎಂದಿನಂತೆ ಸುಂದರಣ್ಣ ಕೂಗಿ ಕೊಂಡರು. ಸ್ಟೇಷನ್ ಎದುರು ಉಡುಪಿ ಹೋಟೆಲು ನಡೆಸುತ್ತಿದ್ದ ಅವರು ನಮ್ಮ ಸಭೆಯವರಲ್ಲ, ಆದರೆ ಏಲಂ ತಪ್ಪಿಸಿದವರೂ ಅಲ್ಲ. ಆಮೇಲೆ ನನ್ನ ಹಾಳೆಗಳನ್ನು ಆರೋನ್ ಮಾವ ಎತ್ತಿ ಹಿಡಿದರು. "ಇದ ನೋಡ್ರಿ, ಮಾಸ್ತರ ಮಗಳು ಬರದ ಪ್ರವಾಸ! ತಿನ್ನಾಕ ಬರೂದಿಲ್ಲ, ಹಳಸೂದೂ ಇಲ್ಲ. ಕೂಗ್ರಿ!"

ಯಾರೂ ಕೂಗಲಿಲ್ಲ. ಹಿಂದಿನಿಂದ ಯಾರೋ, "ಇದರ ಕೂಡ ಚಟ್ನಿ ಕೊಡ್ತೀಯೇನೋ ಆರೋನಾ?" ಎಂದರು. ಸಭೆ ನಕ್ಕಿತು. ಮೇಜಿನ ಮೇಲೆ ಉಳಿದುಹೋದರೆ ನಾಳೆಯಿಂದ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಆಗ ನನ್ನ ಪಕ್ಕದಲ್ಲಿ ಅಮ್ಮನ ಕೈ ಮೇಲೇಳುವುದನ್ನು ಕಂಡೆ. ಪಪ್ಪ ಅವಳ ಮಣಿಕಟ್ಟು ಹಿಡಿದು ಮೆಲ್ಲನೆ ಕೆಳಗಿಳಿಸಿದರು.

"ಕೊಟ್ಟದ್ದನ್ನು ಮನೆಯವರೇ ಕೂಗಬಾರದು."

"ಮಗು ಅಳ್ತದೆ ಮಾರಾಯ್ರೆ."

"ಕಾಯುವ."

ಪಪ್ಪ ಆ ಕೈಯನ್ನು ಬಿಡಲಿಲ್ಲ.

ಅಷ್ಟರಲ್ಲಿ ತೊಡೆಯ ಮೇಲೆ ಕುಂಬಳಕಾಯಿ ಇಟ್ಟುಕೊಂಡಿದ್ದ ಸುಂದರಣ್ಣ, "ಒಳಗೆ ಎಂತ ಉಂಟು ಅಂತ ಗೊತ್ತಿಲ್ಲದೆ ಕೂಗುದು ಹೇಗೆ? ಮೊದ್ಲು ಓದ್ಲಿ," ಎಂದರು.

"ಕುಂಬಳಕಾಯಿ ಕೊಯ್ದು ನೋಡಿ ತಗೊಂಡ್ರೇನ್ ನೀವು?" ಎಂದರು ಆರೋನ್ ಮಾವ.

"ಬಡಿದು ನೋಡಿದ್ದೇನೆ ಮಾರಾಯಾ!"

ನಾನು ಓದಿದೆ. ಮೊದಲ ಹಾಳೆಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಸಿಂಬಿ ಬಿಚ್ಚುವಲ್ಲಿಗೆ ಬಂದಾಗ ಹಿಂದಿನ ಸಾಲಿನವರು ಎದ್ದು ಮುಂದೆ ಬಂದು ನಿಂತಿದ್ದರು. ಮುಗಿದಾಗ, ಚಟ್ನಿ ಕೇಳಿದ ಅದೇ ದನಿ ಎಲ್ಲರಿಗಿಂತ ಮೊದಲು ಕೂಗಿತು. ಸುಂದರಣ್ಣ ಬಿಡಲಿಲ್ಲ. ಕೊನೆಗೆ ಕುಂಬಳಕಾಯಿಯ ಮೇಲೆ ನನ್ನ ಹಾಳೆಗಳನ್ನು ಇಟ್ಟುಕೊಂಡು, ಎರಡನ್ನೂ ಅಪ್ಪಿ ಹಿಡಿದು ಹೊರಟರು.

ಅವರು ಅದನ್ನು ಗಲ್ಲಾದ ಪಕ್ಕದ ಮೊಳೆಗೆ, ಜಾಗಕ್ಕಾಗಿ ಕಾಯುವವರು ಓದಲೆಂದು, ದಾರ ಕಟ್ಟಿ ತೂಗುಹಾಕಿದರು. ಶನಿವಾರ ಶಾಲೆ ಬಿಟ್ಟ ಮೇಲೆ ಪಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದು, ಒಂದು ಬನ್ಸ್ ತರಿಸಿ, ಮೂಲೆಯಲ್ಲಿ ಕೂರಿಸುತ್ತಿದ್ದರು. "ನೋಡು, ನಿನ್ನ ಓದುಗರು," ಎಂದು ಪಿಸುಗುಟ್ಟುತ್ತಿದ್ದರು. ಓದಲು ಬಾರದ ಕೂಲಿಗಳಿಗೆ ಸುಂದರಣ್ಣನೇ ಓದಿ ಹೇಳುವುದಿತ್ತು. "ಇಂವ ನಮ್ಮ ಕಡಿಯವನೇ ಇರ್ಬೇಕ್ರಿ, ನಾ ನೋಡೀನಿ," ಎಂದು ಒಬ್ಬ ಹೇಳಿದರೆ, ಇನ್ನೊಬ್ಬ ಬೇರೆಯೇ ಹೆಸರು ಹೇಳುತ್ತಿದ್ದ. ಹಾಳೆಯ ಮೂಲೆಗಳು ಸಾಂಬಾರಿನ ಹಳದಿಗೂ ತುಪ್ಪದ ಜಿಡ್ಡಿಗೂ ಮೆತ್ತಗಾದವು. ಮುಂದೆ ನಾನೂ ಟೀಚರಾಗಿ, ಎಲ್ಲೆಲ್ಲಿಗೋ ಪ್ರಯಾಣ ಮಾಡಿ, ಬಂದು ಬರೆಯಲು ಕೂತಾಗಲೆಲ್ಲ ನನ್ನೆದುರು ಇದ್ದವರು ಅವರೇ: ಕೈ ತೊಳೆದು, ಒದ್ದೆ ಬೆರಳಲ್ಲಿ ಹಾಳೆ ತಿರುವುವವರು.

ಚಾಳು ಈಗಿಲ್ಲ, ಆ ಜಾಗದಲ್ಲಿ ಎತ್ತರದ ಟವರು. ಹೋಟೆಲಿನ ಜಾಗದಲ್ಲಿ ಮೊಬೈಲ್ ಅಂಗಡಿ. ಹಾಳೆಗಳು ಯಾವ ರಿಪೇರಿಯಲ್ಲಿ ಹೋದವೋ. ಸುಂದರಣ್ಣ, ಆರೋನ್ ಮಾವ, ಪಪ್ಪ, ಒಬ್ಬೊಬ್ಬರಾಗಿ ಹೋದರು. ಅಂಥ ಒಂದು ಮನೆಯನ್ನು ಕಳೆದುಕೊಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ; ಗೋಡೆ ಹೋಗುತ್ತದೆ, ಲೋಟಗಳ ಗಲಗಲ ಉಳಿಯುತ್ತದೆ.

ಈ ವರ್ಷ ನನ್ನ ಪ್ರಯಾಣಗಳ ಬರಹಗಳು ಪುಸ್ತಕವಾದವು, ನನ್ನ ಮೊದಲನೆಯದು. ದಾರಿಯಲ್ಲಿ ಸಿಕ್ಕಿದವರ ಗುರುತುಗಳೇ ಅದರ ತುಂಬ. ಮೊದಲ ಪ್ರತಿಯನ್ನು ಡೊಂಬಿವಲಿಯ ಅದೇ ಬೆಳೆಹಬ್ಬದ ಮೇಜಿನ ಮೇಲೆ ಇಟ್ಟೆ. ನನ್ನೊಂದಿಗಿರುವ ಅಮ್ಮನಿಗೆ ಈಗ ಕಿವಿ ಮಂದ. ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಏಲಂ ಕೂಗಿದವನು ಆರೋನ್ ಮಾವನ ಮೊಮ್ಮಗ. ಯಾರು ಕೊಳ್ಳುತ್ತೀರಿ ಎಂದು ಅವನು ಕೇಳಿದ್ದು ಹಿಂದಿಯಲ್ಲಿ. "ಚಲೋ, ಕೃಪಾ ಟೀಚರ್ ಕಾ ಕಿತಾಬ್! ಬೋಲೋ, ಬೋಲೋ, ಕೌನ್ ಲೇಗಾ?"

ಅವನು ಬಾಯಿ ಮುಚ್ಚುವ ಮೊದಲೇ ಅಮ್ಮನ ಕೈ ಮೇಲೆದ್ದಿತ್ತು. ಬಳೆ ಮೊಣಕೈವರೆಗೆ ಜಾರಿತು. ಹುಡುಗ ನನ್ನನ್ನು ನೋಡಿದ. ಮನೆಯವರು ಕೂಗಬಾರದೆಂಬುದು ಅವನಿಗೂ ಗೊತ್ತು, ಸಭೆಗೂ ಗೊತ್ತು. ಅಮ್ಮ ಒಮ್ಮೆ ತನ್ನ ಪಕ್ಕಕ್ಕೆ, ಪಪ್ಪ ಕೂರುತ್ತಿದ್ದ ಕಡೆಗೆ ನೋಡಿದಳು. ಆ ಮಣಿಕಟ್ಟು ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಕೈಯನ್ನು ಇನ್ನಷ್ಟು ಮೇಲೆತ್ತಿದಳು.