ಗಾಡಿ ಎಬ್ಬಿಸುವ ಮನೆ

ಕರ್ಪೂರದ ವಾಸನೆ ಬೇಕೆಂದರೆ ಗುಡಿಗೆ ಹೋಗಬಹುದು, ಪೆಟ್ರೋಲಿನ ವಾಸನೆ ಬೇಕೆಂದರೆ ಬಂಕಿಗೆ ಹೋಗಬಹುದು. ಎರಡೂ ಕೂಡಿ ಬರುವ ಜಾಗ ಹೊಸಪೇಟೆಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ, ಅದೂ ಈಗ ಇಲ್ಲ. ಈ ಸಲದ ಆಯುಧಪೂಜೆಯ ಬೆಳಿಗ್ಗೆ ಪಕ್ಕದ ಮನೆಯ ಮಂಜುನಾಥ ತನ್ನ ಹೊಸ ಮೋಟಾರ್‌ಸೈಕಲ್ಲನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಟ್ಯಾಂಕಿನ ಮುಚ್ಚಳ ತೆರೆದಿದ್ದನ್ನು ಮರೆತು ಕರ್ಪೂರ ಹಚ್ಚಿದ. ನಾನು ಕಿಟಕಿಯಿಂದಲೇ ಕೂಗಾಡಿ ಮುಚ್ಚಳ ಹಾಕಿಸಿದೆ. ಬೈದು ಒಳಗೆ ಹೋಗಬೇಕಾದವಳು ಹೋಗಲಿಲ್ಲ, ಕಿಟಕಿಯ ಸರಳು ಹಿಡಿದು ನಿಂತುಬಿಟ್ಟೆ. ಆ ಎರಡು ವಾಸನೆಗಳು ಬೆರೆತು ಬಂದದ್ದೇ ತಡ, ನನಗೆ ನನ್ನ ವಯಸ್ಸು ಮರೆತುಹೋಯಿತು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಹಳೆಯ ಟ್ರಂಕಿನದೋ, ಯಾರದೋ ಸೀರೆಯದೋ. ಅದು ಬಂದಾಗ ಮನುಷ್ಯ ಇದ್ದಲ್ಲಿ ಇರುವುದಿಲ್ಲ. ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದಿತ್ತು, ಆಮೇಲೆ ಒರೆಸಿದೆ.

ನಾನು ಹುಟ್ಟಿದ್ದು ಕಂಪ್ಲಿಯಲ್ಲಿ. ಓದಲಿಕ್ಕೆಂದು ನನ್ನನ್ನು ಹೊಸಪೇಟೆಯ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಾಗ ಇನ್ನೂ ಎರಡು ಜಡೆಯ ಹುಡುಗಿ. ದೊಡ್ಡಪ್ಪ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ, ಹಾಗಾಗಿ ಹೋದವಳು ಅಲ್ಲಿಯವಳೇ ಆದೆ. ಮುಂದೆ ಮೋಟಾರ್‌ಸೈಕಲ್ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲಿನಿಂದ ರೊಟ್ಟಿ ಬಡಿಯುವ ಸದ್ದು ಅಂಗಡಿಗೆ ಹೋಗುತ್ತಿತ್ತು, ಎಂಜಿನ್ನಿನ ಸದ್ದು ಅಡಿಗೆಮನೆಗೆ ಬರುತ್ತಿತ್ತು. ಅಲ್ಲಿ ಮಾರುತ್ತಿದ್ದದ್ದು ಒಂದೇ ಕಂಪನಿಯ ಗಾಡಿ. ಕಂಪನಿಯ ಇಂಗ್ಲಿಷ್ ಹೆಸರು ಯಾರ ನಾಲಗೆಗೂ ಸಲೀಸಾಗಿ ಹೊರಳುತ್ತಿರಲಿಲ್ಲ. ಟ್ಯಾಂಕಿನ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯ ಚಿತ್ರವಿತ್ತು, ಅದಕ್ಕೇ ಊರಿಗೆಲ್ಲ ಅದು ಹಕ್ಕಿ ಗಾಡಿ, ನಮ್ಮದು ಹಕ್ಕಿ ಗಾಡಿ ಮನೆ. ದೊಡ್ಡಪ್ಪನ ತಂದೆ ತೆಗೆದ ಏಜೆನ್ಸಿ ಅದು. ಸಂಡೂರಿನ ಗಣಿ ಕಂಟ್ರಾಕ್ಟರುಗಳು, ಕಂಪ್ಲಿಯ ರೈಸ್‌ಮಿಲ್ಲಿನವರು, ಪಾಪಿನಾಯಕನಹಳ್ಳಿಯ ಜಮೀನ್ದಾರರು ಎಲ್ಲರೂ ಅಲ್ಲಿಗೇ ಬರಬೇಕು. ಸಂಡೂರಿನಿಂದ ರಿಪೇರಿಗೆ ಬಂದ ಗಾಡಿಗಳ ಕೆಂಪು ಧೂಳು ನಡುಬಾಗಿಲು ದಾಟಿ ದೊಡ್ಡವ್ವ ಒಣಹಾಕಿದ ಸಂಡಿಗೆಯ ಮೇಲೂ ಕೂರುತ್ತಿತ್ತು. ನಾವು ಅದನ್ನು ಊದಿಕೊಂಡು ಕರಿದು ತಿನ್ನುತ್ತಿದ್ದೆವು.

ಆ ಮನೆಯಲ್ಲಿ ಒಂದು ಮಾತು ಆಡುವಂತಿರಲಿಲ್ಲ. ಕಿಕ್ ಹೊಡೆಯುವುದು ಎನ್ನಬಾರದು, ಒದೆಯುವುದು ಎಂದರಂತೂ ಮುಗಿದೇಹೋಯಿತು. "ಚೆಂಡೇನ್ರಿ ಅದು, ಒದಿಯಾಕ? ಮಲ್ಕೊಂಡೈತಿ. ಎಬ್ಬಸ್ರಿ," ಎಂದು ದೊಡ್ಡಪ್ಪ ಎಂಥ ದೊಡ್ಡ ಮನುಷ್ಯನಿಗೂ ಹೇಳಿಬಿಡುತ್ತಿದ್ದ. ಅನ್ನ ಕೊಡುವ ಗಾಡಿ, ಅದಕ್ಕೆ ಕಾಲು ತಾಗಿಸುವ ಮೊದಲು ಟ್ಯಾಂಕು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಆಮೇಲೆ ಕಿಕ್ಕಿನ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತುತ್ತ ಒಳಗಿನ ಬಿಗಿ ಎಲ್ಲಿದೆಯೆಂದು ಹುಡುಕಬೇಕು. ಸಿಕ್ಕ ಮೇಲೆ ಇಡೀ ಮೈಭಾರ ಬಿಟ್ಟು ಒಂದೇ ಸಲಕ್ಕೆ ತುಳಿಯಬೇಕು. ತಪ್ಪಿದರೆ ಅದು ತಿರುಗಿ ಕಣಕಾಲಿಗೆ ಬಡಿಯುತ್ತಿತ್ತು. ಹೊಸ ಗಾಡಿ ಕೊಳ್ಳಲು ಬಂದವರು ಹೀಗೆ ತಾವೇ ಎಬ್ಬಿಸಿದರೆ ಮಾತ್ರ ಅಂಗಡಿಯಿಂದ ಹೊರಗೆ ಒಯ್ಯಬಹುದು, ಅದು ಅಜ್ಜನ ಕಾಲದಿಂದ ಬಂದ ಪದ್ಧತಿ. ಆರತಿ ತಟ್ಟೆ ಹಿಡಿದ ದೊಡ್ಡವ್ವ ಪಕ್ಕದಲ್ಲೇ ನಿಂತಿರುತ್ತಿದ್ದಳು. ಗಿರಾಕಿ ಕಾಲಿಟ್ಟಾಗ ಕಡ್ಡಿ ಗೀರುವಳು. ಅವನು ಬಿಗಿ ಹುಡುಕಿ, ಬೆವರಿ, ತುಳಿದು, ಗಾಡಿ ಒಂದು ಸಲ ಕೆಮ್ಮಿ, ಆಮೇಲೆ ಡುಗು ಡುಗು ಎಂದು ದನಿ ಹಿಡಿಯುವಷ್ಟರಲ್ಲಿ ಕರ್ಪೂರ ಚೆನ್ನಾಗಿ ಹತ್ತಿಕೊಂಡಿರುತ್ತಿತ್ತು. ಆ ಹದ ಅವಳಿಗೆ ಒಲೆಯ ಮುಂದಿನ ಹದದಷ್ಟೇ ಕೈವಶವಾಗಿತ್ತು.

ಎಬ್ಬಿಸಲಾಗದವರಿಗೆ ದೊಡ್ಡಪ್ಪನ ಉತ್ತರ ಒಂದೇ. "ಇವತ್ತು ಅದಕ್ಕ ಮನಸ್ಸಿಲ್ರಿ. ನಾಳೆ ಬರ್ರಿ." ನಿಮ್ಮ ಕೈಲಾಗಲಿಲ್ಲ ಎಂದು ಅವನು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ತಪ್ಪೆಲ್ಲ ಗಾಡಿಯದು, ಮನಸ್ಸಿಲ್ಲದ್ದು ಅದಕ್ಕೆ. ಹಾಗೆ ಹೇಳಿಸಿಕೊಂಡವರು ನಗುತ್ತ ಹೋಗಿ ಮರುದಿನ ಬಂದೇ ಬರುತ್ತಿದ್ದರು. ದೊಡ್ಡವ್ವ ಅವರಿಗೆ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ಕೊಟ್ಟು ಶಕ್ತಿ ತುಂಬಿಸುವಳು. ಕಂಪ್ಲಿಯ ಒಬ್ಬ ಮಿಲ್ಲಿನ ಸಾಹುಕಾರರಂತೂ ಒಂದು ವಾರವೆಲ್ಲ ಬಂದು, ಕೊನೆಗೆ ಎಬ್ಬಿಸಿದ ದಿನ ಮಗಳ ಮದುವೆ ಮಾಡಿಕೊಟ್ಟವರಂತೆ ಕಣ್ಣೊರೆಸಿಕೊಂಡಿದ್ದರು. ನಾನು ಶಾಲೆಯ ಬ್ಯಾಗು ಹೊತ್ತುಕೊಂಡೇ ನಿಂತು ನೋಡಿದ್ದೆ.

ಆಮೇಲೆ ಹಗುರ ಗಾಡಿಗಳು ಬಂದವು. ಹೆಚ್ಚು ಮೈಲೇಜು, ಕಡಿಮೆ ರಗಳೆ. ನಮ್ಮ ಗಿರಾಕಿಗಳಿಗೆ ವಯಸ್ಸಾಯಿತು, ಅವರ ಮಕ್ಕಳು ನಮ್ಮ ಅಂಗಡಿಯ ಮುಂದೆಯೇ ಬೇರೆ ಗಾಡಿಗಳಲ್ಲಿ ಸುಂಯ್ ಎಂದು ಹೋಗತೊಡಗಿದರು. ಕಂಪನಿಯೇ ಕೆಲವು ವರ್ಷ ಬಾಗಿಲು ಹಾಕಿತು. ಆಗ ದೊಡ್ಡಪ್ಪ ಹಳೆಯ ಗಾಡಿಗಳ ರಿಪೇರಿ ಮಾಡಿಕೊಂಡು ಹಕ್ಕಿಯ ಬೋರ್ಡನ್ನು ಮಾತ್ರ ಇಳಿಸದೆ ಕಾದ. ಹೊಸ ಮಾಲೀಕರು ಬಂದು ಕಂಪನಿಯನ್ನು ಮತ್ತೆ ತೆರೆದಾಗ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಅಂಗಡಿಗೆ ಸುಣ್ಣ ಹೊಡೆಸಿ ಓಣಿಗೆಲ್ಲ ಪೇಡೆ ಹಂಚಿದ. ಆದರೆ ಜೊತೆಗೆ ಬಂದ ಕಂಪನಿಯ ಅಧಿಕಾರಿ, ನನಗಿಂತ ಚಿಕ್ಕವನು, ಗಡ್ಡ ನೀವಿಕೊಳ್ಳುತ್ತ ಹೇಳಿದ: "ಸರ್, ಇದು ತಾತಂದಿರ ಗಾಡಿ ಅಂತ ಹೆಸರಾಗ್ಬಿಟ್ಟಿದೆ. ನಮಗೆ ಯೂತ್ ಬೇಕು. ಯೂತ್ ಬರ್ಲಿಲ್ಲ ಅಂದ್ರೆ ನಿಮಗೆ ಏಜೆನ್ಸಿ ಉಳಿಸೋದು ಕಷ್ಟ." ನಡುಬಾಗಿಲಲ್ಲಿ ನಿಂತು ಕೇಳಿಸಿಕೊಂಡ ದೊಡ್ಡವ್ವ ಯೂತ್ ಎಂಬವನು ಯಾರೋ ದೊಡ್ಡ ಗಿರಾಕಿ ಎಂದುಕೊಂಡಳು. ಹಾಗೆಂದರೆ ಈಗಿನ ಹುಡುಗರು ಎಂದು ಅರ್ಥ ಹೇಳಿದ ಮೇಲೂ ಬಿಡಲಿಲ್ಲ. ದಿನಾ ಸಂಜೆ ಚಹಾ ಕೊಡುವಾಗ, "ಇವತ್ತರ ಬಂದ್ನೇನ್ರಿ ಆ ಯೂತ್?" ಎಂದು ಕೇಳುವಳು. ಮೊದಮೊದಲು ದೊಡ್ಡಪ್ಪ ನಗುತ್ತಿದ್ದ, ಬರಬರುತ್ತ ಚಹಾ ಮಾತ್ರ ಕುಡಿಯುತ್ತಿದ್ದ.

ಒಬ್ಬ ಬಂದ. ಕುರೆಕುಪ್ಪದವನು, ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ, ಜೊತೆಗೆ ಗೆಳೆಯರ ಗುಂಪು. ಹೊಸ ಗಾಡಿಯಲ್ಲಿ ಬಟನ್ನೂ ಇತ್ತು, ಕಿಕ್ಕೂ ಇತ್ತು. ಹುಡುಗನ ಬೆರಳು ಬಟನ್ನಿಗೆ ಹೋಯಿತು. ದೊಡ್ಡಪ್ಪ ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು, ಬಿಡಲಿಲ್ಲ. ಇದೊಂದು ಸಲ ಕಾಲಿನಿಂದ ಎಬ್ಬಿಸಿ, ನಾಳೆಯಿಂದ ಬಟನ್ ಒತ್ತಿಕೊಳ್ಳಿ ಎಂದ. ಹುಡುಗ ಒಳ್ಳೆಯವನೇ, ಪ್ರಯತ್ನ ಮಾಡಿದ. ಬಿಗಿ ಹುಡುಕುವಷ್ಟು ತಾಳ್ಮೆ ಇರಲಿಲ್ಲ, ಕಾಲು ಜಾರಿತು, ಗೆಳೆಯರು ನಗುತ್ತ ಫೋನಿನಲ್ಲಿ ವಿಡಿಯೋ ಹಿಡಿದರು. ದೊಡ್ಡಪ್ಪ ತನ್ನ ಹಳೆಯ ಮಾತನ್ನೇ ಹೇಳಿದ. "ನಾಳೆ ಯಾಕ್ ಬರ್ಲ್ರಿ ಅಂಕಲ್? ರೊಕ್ಕ ಕೊಟ್ಟು ಎಕ್ಸರ್ಸೈಜ್ ಮಾಡಾಕೇನು?" ಎಂದು ಹುಡುಗ ಎದುರಿನ ಅಂಗಡಿಗೆ ಹೋದ. ಆ ಸಂಜೆಯೇ ಅವನು ಬೇರೆ ಗಾಡಿಯಲ್ಲಿ ನಮ್ಮ ಮುಂದೆ ಹೋದದ್ದನ್ನು ನಾವು ಮೂವರೂ ನೋಡಿದೆವು. ವಿಡಿಯೋ ಊರೆಲ್ಲ ಓಡಾಡಿತು. ನಾನಾಗ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ನನ್ನ ತರಗತಿಯ ಮಕ್ಕಳೂ ನೋಡಿದ್ದರು.

ಮುಂದಿನ ಮಾಡೆಲಿಗೆ ಕಂಪನಿ ಕಿಕ್ಕನ್ನೇ ತೆಗೆದುಹಾಕಿತು. ಅದು ಅಂಗಡಿಗೆ ಬಂದ ದಿನ ದೊಡ್ಡಪ್ಪ ಟ್ಯಾಂಕು ಮುಟ್ಟಿ ಕಣ್ಣಿಗೊತ್ತಿಕೊಂಡು ಕಾಲೆತ್ತಿದ. ಕಿಕ್ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ಕಾಲು ಗಾಳಿಯಲ್ಲಿ ತಡಕಾಡಿತು. ಅಧಿಕಾರಿ ಮುಂದೆ ಬಂದು ಬಟನ್ ಒತ್ತಿದ. ದೊಡ್ಡವ್ವ ಇನ್ನೂ ಕಡ್ಡಿ ಪೆಟ್ಟಿಗೆ ತೆರೆದಿರಲಿಲ್ಲ, ಗಾಡಿ ಎದ್ದುಬಿಟ್ಟಿತ್ತು. ತಟ್ಟೆ ಹಿಡಿದು ಯಾವಾಗ ಆರತಿ ಎತ್ತಬೇಕೆಂದು ತಿಳಿಯದೆ ಅವಳು ನಿಂತದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಇಷ್ಟಾದರೂ ಹುಡುಗರು ಬರಲಿಲ್ಲ. ಆಗ ಕಂಪನಿಗೆ ಹೊಸ ಯೋಚನೆ ಹೊಳೆಯಿತು. ಈಗಿನ ಹುಡುಗರಿಗೆ ಹಳೆಯದೇ ಬೇಕಂತೆ, ಅದಕ್ಕೆ ಪರಂಪರೆಯನ್ನು ತೋರಿಸಿ ಜಾಹೀರಾತು ಮಾಡಬೇಕಂತೆ. ದೊಡ್ಡಪ್ಪ ತನ್ನ ತಂದೆಯ ಗಾಡಿಯನ್ನು ಹಂಪಿಯಲ್ಲಿ ಎಬ್ಬಿಸಬೇಕು, ದೊಡ್ಡವ್ವ ಆರತಿ ಎತ್ತಬೇಕು, ಅದನ್ನು ಚಿತ್ರ ತೆಗೆಯುತ್ತಾರೆ. ಯಾವುದನ್ನು ತೆಗೆದುಹಾಕಿದ್ದರೋ ಅದನ್ನೇ ತೋರಿಸಿ ಮಾರುವ ಆಟ. ನನಗೆ ಸಿಟ್ಟು ಬಂತು. ದೊಡ್ಡಪ್ಪನಿಗೆ ಬರಲಿಲ್ಲ. "ಇದು ಚಲೋ ಬಂದ್ರ ಏಜೆನ್ಸಿ ಉಳಿಸ್ತೀನಿ ಅಂದಾನ ಅಂವ. ಹೋಗಿ ಬರೋಣವ್ವಾ," ಎಂದ.

ಹಂಪಿಗೆ ನಾನೂ ಹೋಗಿದ್ದೆ. ಬಾಳೆತೋಟದ ಪಕ್ಕದ ಒಂದು ಕಲ್ಲುಮಂಟಪದ ಮುಂದೆ ಗಾಡಿ ನಿಲ್ಲಿಸಿದ್ದರು. ದೊಡ್ಡಪ್ಪ ಇಸ್ತ್ರಿಯಾದ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಅವನ ಬಲಮಂಡಿ ಆಗಲೇ ಕೈಕೊಟ್ಟಿತ್ತು. ಜೀವನವೆಲ್ಲ ಊರಿಗೆಲ್ಲ ಗಾಡಿ ಎಬ್ಬಿಸಲು ಕಲಿಸಿದ ಮಂಡಿ ಅದು. ಮುಟ್ಟಿ ಕಣ್ಣಿಗೊತ್ತಿಕೊಂಡ, ಬಿಗಿ ಹುಡುಕಿದ, ತುಳಿದ. ಗಾಡಿ ಕೆಮ್ಮಿತು, ಏಳಲಿಲ್ಲ. ಮತ್ತೆ ತುಳಿದ. ಮತ್ತೆ ಮತ್ತೆ ತುಳಿದ. ಬಿಸಿಲೇರಿತು, ಅಂಗಿ ಬೆನ್ನಿಗೆ ಅಂಟಿತು. ಆಟೋದವರು, ಫೋಟೊ ತೆಗೆಯಲು ಬಂದ ಪ್ರವಾಸಿಗಳು ಸುತ್ತ ನಿಂತರು. ಕೊನೆಗೊಮ್ಮೆ ಗಾಡಿ ತಿರುಗಿ ಬಡಿದು ಅವನು ಕುಸಿಯುವಂತಾದಾಗ ನಾನು ಓಡಿ ಹಿಡಿದುಕೊಂಡೆ. "ಸಾಕು ಸರ್, ಕಾಲಿಟ್ಟಿದ್ದು ಚೆನ್ನಾಗಿ ಬಂದಿದೆ. ಸೌಂಡ್ ಆಮೇಲೆ ಹಾಕ್ಕೋತೀವಿ. ಅಮ್ಮ, ನೀವು ಆರತಿ ಮಾಡ್ಬಿಡಿ," ಎಂದ ಅಧಿಕಾರಿ. ದೊಡ್ಡಪ್ಪ ದೊಡ್ಡವ್ವನ ಮುಖ ನೋಡಿದ. ಏಜೆನ್ಸಿ ಉಳಿಯುವುದಿದ್ದರೆ ಆ ಒಂದು ಆರತಿಯಲ್ಲಿ ಉಳಿಯಬೇಕಿತ್ತು. ಅವಳು ತಟ್ಟೆಯಲ್ಲಿದ್ದ ಕರ್ಪೂರವನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಡನ ಹತ್ತಿರ ಬಂದು, ಅವನು ಊರಿಗೆಲ್ಲ ಹೇಳಿದ ಮಾತನ್ನು ಅವನಿಗೇ ಹೇಳಿದಳು. "ಇವತ್ತು ಅದಕ್ಕ ಮನಸ್ಸಿಲ್ಲ ಬಿಡ್ರಿ. ನಾಳೆ ಬರೋಣು." ದೊಡ್ಡಪ್ಪ ಹೂಂ ಎಂದ. ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಊರಿಗೆ ಬಂದೆವು.

ಆ ನಾಳೆ ಬರಲಿಲ್ಲ. ಏಜೆನ್ಸಿ ಬಳ್ಳಾರಿಯ ದೊಡ್ಡ ಗಾಜಿನ ಅಂಗಡಿಯೊಂದಕ್ಕೆ ಹೋಯಿತು. ಹಕ್ಕಿಯ ಬೋರ್ಡು ಇಳಿಸಿದ ಮೇಲೆ ಗೋಡೆಯಲ್ಲಿ ಅದರಷ್ಟೇ ಅಗಲದ ಹಳೆಯ ಸುಣ್ಣ ಉಳಿದಿತ್ತು, ದೊಡ್ಡಪ್ಪ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಬಹಳ ದಿನ ಕೂರಲಿಲ್ಲ. ಅವನು ಹೋದ ಮೇಲೆ ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ದೊಡ್ಡವ್ವನನ್ನು ನಾನು ನನ್ನ ಮನೆಗೆ ಕರೆತಂದೆ. ಅವಳು ತಂದದ್ದು ಎರಡು ಸೀರೆಯ ಗಂಟು, ಆರತಿ ತಟ್ಟೆ ಮತ್ತು ಆ ಗಾಡಿ. ಅದು ನಮ್ಮ ಪಡಸಾಲೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದು ನಿಂತಿದೆ. ಯಾರೂ ಎಬ್ಬಿಸುವುದಿಲ್ಲ.

ಆಯುಧಪೂಜೆಯ ದಿನದ ಮಾತಿಗೆ ಬರುತ್ತೇನೆ. ಹಾಲು ಒರೆಸಿ ಹೊರಗೆ ಬಂದಾಗ ಮಂಜುನಾಥನ ಗಾಡಿಯನ್ನು ಸರಿಯಾಗಿ ನೋಡಿದೆ. ಹಾರದ ಮರೆಯಲ್ಲಿ ಟ್ಯಾಂಕಿನ ಮೇಲೆ ಹಕ್ಕಿ ಇತ್ತು. ಬಳ್ಳಾರಿಯಿಂದ ತಂದಿದ್ದನಂತೆ. "ಇದನ್ನ ನೋಡೇ ತಗೊಂಡೆರೀ ಟೀಚರ್. ಭಾಳ ಮಸ್ತ್ ಐತಿ," ಎಂದು ಫೋನಿನಲ್ಲಿ ಕಂಪನಿಯ ಜಾಹೀರಾತು ಹಾಕಿ ಮುಂದೆ ಹಿಡಿದ. ಕಲ್ಲುಮಂಟಪ, ಬಿಳಿ ಅಂಗಿ, ಕಿಕ್ಕಿನ ಮೇಲೆ ದೊಡ್ಡಪ್ಪನ ಕಾಲು, ಒಂದೇ ತುಳಿತಕ್ಕೆ ಗುಡುಗಿದ ಎಂಜಿನ್. ಮನೆಮುಂದಿನ ಕಟ್ಟೆಯ ಮೇಲೆ ಕೂತಿದ್ದ ದೊಡ್ಡವ್ವನಿಗೆ ಈಗ ಕಣ್ಣು ಕಾಣುವುದಿಲ್ಲ. ಸದ್ದು ಕೇಳಿದ್ದೇ ಅವಳ ಕೈ ಪೂಜೆಗೆಂದು ಪಕ್ಕದಲ್ಲಿಟ್ಟುಕೊಂಡಿದ್ದ ಕಡ್ಡಿ ಪೆಟ್ಟಿಗೆಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು.

"ಇದು ನಮ್ಮದಲ್ಲ," ಎಂದಳು. "ಇಷ್ಟು ಜಲ್ದಿ ಅದು ಎಂದೂ ಎದ್ದಿಲ್ಲ." ಆಮೇಲೆ, "ಯಾರವ್ವಾ ಈ ಹುಡುಗ?" ಎಂದು ಕೇಳಿದಳು.

ಬಾಯಿಗೆ ಬಂದದ್ದನ್ನೇ ಹೇಳಿದೆ. "ಇವನೇ ದೊಡ್ಡವ್ವ, ಯೂತ್. ಹಕ್ಕಿ ಗಾಡಿ ತಗೊಂಡಾನ."

ಅವಳು ಕೈ ಚಾಚಿ ಅವನ ತೋಳು ಹುಡುಕಿ ಹಿಡಿದುಕೊಂಡಳು. "ಈಗ ಬಂದೇನಪಾ," ಎಂದಳು. "ನಾವು ಅಂಗಡಿ ಮುಚ್ಚಿದ್ವಲ್ಲ."

ಮಂಜುನಾಥ ನನ್ನ ಮುಖ ನೋಡಿ, ಅಜ್ಜಿ ಏನೋ ಹೇಳುತ್ತಿದ್ದಾಳೆ ಎಂಬಂತೆ ನಕ್ಕು, ತೋಳು ಮೆಲ್ಲಗೆ ಬಿಡಿಸಿಕೊಂಡು ಗಾಡಿ ಹತ್ತಿದ. ಬಟನ್ ಒತ್ತಿದ. ದೊಡ್ಡವ್ವ ಕಡ್ಡಿ ಗೀರುವಷ್ಟರಲ್ಲಿ ಅವನು ಓಣಿ ದಾಟಿದ್ದ.